ಬಾಡಿಗೆ ಪುಸ್ತಕ, ಕಂತು 14: ಒಳಗಿನ ಕಪಾಟು

(1/6)

ಮೊದಲನೇ ಫೋಟೋದಲ್ಲಿ ಇರೋದು ಅಪ್ಪನ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ಬೈಂಡು, ಮೂಲೆಯಲ್ಲಿ ಇಲಿ ಕಡಿದ ಗುರುತು. ಎರಡನೇ ಫೋಟೋದಲ್ಲಿ ಅದರದ್ದೇ ಒಂದು ಪುಟ. ಹೆಸರುಗಳ ಮೇಲೆ ಬೆರಳಿಟ್ಟು ಫೋಟೋ ತೆಗೆದಿದ್ದೀನಿ, ಬೇಕಂತಲೇ. ಅವರಲ್ಲಿ ಕೆಲವರು ಇನ್ನೂ ತಿಪಟೂರಿನಲ್ಲೇ ಇದ್ದಾರೆ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡ್ತಾ ಓಡಾಡ್ತಾರೆ.

ನಮ್ಮ ಬಾಡಿಗೆ ಲೈಬ್ರರಿ ಬಗ್ಗೆ ಹದಿಮೂರು ಕಂತು ಬರೆದಾಯ್ತು. ತ್ರಿವೇಣಿ ಆಯ್ತು, ಎನ್. ನರಸಿಂಹಯ್ಯನವರ ಪತ್ತೇದಾರಿ ಆಯ್ತು, ಸಾಯಿಸುತೆ ಕಾದಂಬರಿಗೆ ಹೆಸರು ಬರೆಸಿ ಕಾಯ್ತಿದ್ದವರ ಕಥೆ ಆಯ್ತು. ಪ್ರತಿ ಕಂತಿನ ನಂತರವೂ ಒಂದು ಪ್ರಶ್ನೆ ಬಂದೇ ಬರುತ್ತೆ: "ಮೇಡಂ, ಆ ಥರದ ಪುಸ್ತಕಗಳೂ ಇದ್ವಾ?" ಕಾಮೆಂಟಲ್ಲಿ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಎಲ್ಲಾ ಇನ್‌ಬಾಕ್ಸಲ್ಲೇ. ಕೇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು.

ಇದ್ವು.

ಅಂಗಡಿ ಅಂದ್ರೆ ಹತ್ತಡಿ ಅಗಲ, ಎಂಟಡಿ ಉದ್ದ. ಎರಡು ಗೋಡೆಗೆ ಕಾದಂಬರಿ, ಬಾಗಿಲ ಪಕ್ಕ ಹಳೇ ಸುಧಾ, ತರಂಗ, ಮಯೂರ. ಗಲ್ಲಾಪೆಟ್ಟಿಗೆ ಹಿಂದೆ ಅಪ್ಪ. ಅಪ್ಪನ ಬೆನ್ನಿಗೆ ಒಂದು ಮರದ ಕಪಾಟು, ಅದಕ್ಕೊಂದು ಹೂವಿನ ಪರದೆ, ಪರದೆ ಮೇಲೆ ಕೊಬ್ಬರಿ ಮಂಡಿಯವರು ಕೊಟ್ಟ ಲಕ್ಷ್ಮಿ ಕ್ಯಾಲೆಂಡರು. ಕಪಾಟಿನೊಳಗಿನ ಪುಸ್ತಕಗಳಿಗೆ ಹೆಸರಿಲ್ಲ. ಎಲ್ಲದಕ್ಕೂ ಪ್ರಜಾವಾಣಿ ಹಾಳೆಯ ಹೊದಿಕೆ, ಬೆನ್ನ ಮೇಲೆ ಬರೀ ನಂಬರು. ಒ-1, ಒ-2, ಹೀಗೆ. ಒ ಅಂದ್ರೆ ಒಳಗಿನದ್ದು. ಕಾದಂಬರಿಗೆ ದಿನಕ್ಕೆ 50 ಪೈಸೆ ಆದ್ರೆ ಒಳಗಿನದ್ದಕ್ಕೆ 1 ರೂಪಾಯಿ.

(2/6)

ಅವು ಎಂಥಾ ಪುಸ್ತಕ ಅಂತ ನಾನು ನೋಡಿದ್ದು 2006ರಲ್ಲಿ, ಅಂಗಡಿ ಮುಚ್ಚಿ ಗೋಣಿಚೀಲಗಳು ಮನೆಗೆ ಬಂದಾಗ. ಆಗ ನನಗೆ ಇಪ್ಪತ್ತೈದು. ಒರಟು ನ್ಯೂಸ್‌ಪ್ರಿಂಟು, ಸಾಲಿಗೊಂದು ಅಕ್ಷರ ತಪ್ಪು, ಬರೆದವರ ಹೆಸರು ಇಲ್ಲ, ಇದ್ರೂ ಸುಳ್ಳು ಹೆಸರು, ಅಚ್ಚಾದ ಊರು ಯಾವುದು ಅಂತಲೂ ಇಲ್ಲ.

ಸುತ್ತಿ ಬಳಸಿ ಹೇಳಲ್ಲ, ಮುಕ್ಕಾಲು ಪಾಲು ಕಸ. ಹೆಂಗಸು ಬೇಡ ಅಂದ್ರೆ ಬೇಕು ಅಂತ ಅರ್ಥ ಮಾಡ್ಕೊಳ್ಳೋ ಗಂಡಸರು. ಕೊನೆಗೆ ರೈಲಿಗೆ ತಲೆ ಕೊಡೋ ಹೆಂಗಸರು. ತೊಂಬತ್ತು ಪುಟ ಮಜಾ, ಕೊನೇ ಎರಡು ಪುಟ ನೀತಿ. ಒಂದು ವಿಷಯ ಗಮನಿಸಿದೆ: ತೊಂಬತ್ತು ಪುಟಗಳ ಅಂಚು ಬೆರಳಿನ ಕಲೆ ಹಿಡಿದು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು, ನೀತಿಯ ಪುಟಗಳು ಮಾತ್ರ ಅಚ್ಚಾದ ದಿನದಂತೆ ಗರಿಗರಿ.

ಇನ್ನು ಕೆಲವು 'ದಾಂಪತ್ಯ ವಿಜ್ಞಾನ'ದ ವೇಷದಲ್ಲಿ ಬರ್ತಿದ್ವು. ಪ್ರಶ್ನೆ, ಡಾಕ್ಟರ ಉತ್ತರ. ಪ್ರಶ್ನೆ ಒಂದೂವರೆ ಪುಟ, ಸಂಜೆ ಮಳೆ, ಕರೆಂಟು ಹೋಗಿದ್ದು, ಪಕ್ಕದ ಮನೆಯ ಬಾಗಿಲು, ಎಲ್ಲಾ ವಿವರವಾಗಿ. ಉತ್ತರ ಎರಡೇ ಸಾಲು. ಯಾರು ಯಾವುದಕ್ಕೋಸ್ಕರ ಓದ್ತಿದ್ರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಮಾಷೆ ಏನಂದ್ರೆ ಇವುಗಳ ಮಧ್ಯೆಯೇ ಅಪ್ಪ ಅನಕೃ ಅವರ ನಗ್ನಸತ್ಯ, ಶನಿಸಂತಾನ, ಸಂಜೆಗತ್ತಲು ಇಟ್ಟಿದ್ರು. ವೇಶ್ಯೆಯರ ಬದುಕನ್ನ ಬರೆದಿದ್ದಕ್ಕೆ ಅಶ್ಲೀಲ ಅನ್ನಿಸಿಕೊಂಡ ಕಾದಂಬರಿಗಳು ಅವು. ಅದಕ್ಕೆ ಉತ್ತರವಾಗಿ ಅನಕೃ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅಂತ ಇನ್ನೊಂದು ಪುಸ್ತಕವನ್ನೇ ಬರೀಬೇಕಾಯ್ತು. ಡಾಕ್ಟರೂ ಆಗಿದ್ದ ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ'ಯೂ ಅಲ್ಲೇ ಇತ್ತು. ಅಷ್ಟು ಮರ್ಯಾದಸ್ಥ ಪುಸ್ತಕಗಳನ್ನ ಅಲ್ಲಿ ಯಾಕಪ್ಪಾ ಇಟ್ಟಿದ್ದೆ ಅಂತ ಕೇಳಿದ್ದೆ. "ಮುಂದೆ ಇಟ್ರೆ ಯಾರೂ ಮುಟ್ಟಲ್ಲ. ಒಳಗಿಟ್ರೆ ಎಲ್ಲರೂ ಓದ್ತಾರೆ" ಅಂದ್ರು.

ಓದೋರು ಯಾರು? ಕಾಲೇಜು ಹುಡುಗರು ಅಂತ ನೀವು ಅಂದ್ಕೊಂಡಿರ್ತೀರ. ಹುಡುಗರು ಬರ್ತಿದ್ರು, ಆದ್ರೆ ನಾಲ್ಕು ದಿನ ಬಂದು ಆಮೇಲೆ ನಾಪತ್ತೆ. ಖಾಯಂ ಗಿರಾಕಿಗಳು ಬೇರೆ. ಮಂಡಿಯ ಗುಮಾಸ್ತರು, ಪ್ರತಿ ಗುರುವಾರ. ರಿಟೈರಾದ ಒಬ್ಬ ಮೇಷ್ಟ್ರು, ವಾಪಸ್ ಕೊಡುವಾಗ ಪೆನ್ಸಿಲ್ಲಲ್ಲಿ ಕಾಗುಣಿತ ತಿದ್ದಿ ಕೊಡ್ತಿದ್ರು (ದೇವರಾಣೆ ನಿಜ). ಮತ್ತೆ ಹೆಂಗಸರು. ತರಕಾರಿ ಬ್ಯಾಗು ಹಿಡ್ಕೊಂಡು ಬಂದು ಒಂದು ಸಾಯಿಸುತೆ ತಗೊಂಡು, ಗಲ್ಲಾದ ಮೇಲಿಟ್ಟು, ರಸ್ತೆ ಕಡೆ ನೋಡ್ತಾ ಅನ್ನೋರು: "ಅಣ್ಣಾ, ಇದರ ಜೊತೆ ಇನ್ನೊಂದು." ಅಪ್ಪ ತಲೆ ಎತ್ತುತ್ತಿರಲಿಲ್ಲ. ಕೈ ಮಾತ್ರ ಹಿಂದೆ ಹೋಗಿ ಪರದೆಯೊಳಗಿಂದ ಒಂದನ್ನ ತಂದು ಸಾಯಿಸುತೆ ಕೆಳಗೆ ಇಡ್ತಿತ್ತು.

(3/6)

ಇಲ್ಲಿಂದ ಮುಂದಿನದನ್ನ ಬರೆಯೋಕೆ ಹದಿಮೂರು ಕಂತು ಮುಂದೂಡಿದ್ದೆ.

ನನ್ನ ಸೋದರತ್ತೆ, ಅಪ್ಪನ ತಂಗಿ. ಮೂವತ್ತೊಂದನೇ ವಯಸ್ಸಿಗೆ ಗಂಡ ಹೋದ. ಮಕ್ಕಳಿರಲಿಲ್ಲ. ನಮ್ಮನೆಗೆ ಬಂದಳು, ನಡುಮನೆಯ ಕಿಟಕಿ ಪಕ್ಕ ಹೊಲಿಗೆ ಮಷೀನು ಹಾಕ್ಕೊಂಡಳು. ಓಣಿಯವರ ರವಿಕೆಯೆಲ್ಲಾ ಅವಳೇ ಹೊಲಿಯೋಳು. ಕೆಂಪು ಅಂಚಿನ ಸೀರೆ ಉಟ್ಟರೆ ಯಾರಾದ್ರೂ ಏನಾದ್ರೂ ಅಂತಾರೆ ಅಂತ ಬರೀ ತಿಳಿಬಣ್ಣದ್ದು ಉಡ್ತಿದ್ದಳು. ಓದೋದಂದ್ರೆ ಪ್ರಾಣ. ಮಷೀನಿನ ಕಾಲುಮಣೆ ತುಳೀತಾ ತುಳೀತಾ ಮಡಿಲಲ್ಲಿ ಪುಸ್ತಕ ಇಟ್ಕೊಂಡು ಓದೋಳು.

1993ರ ಗೌರಿ ಹಬ್ಬ. ನನಗೆ ಹನ್ನೆರಡು. ಮನೆ ತುಂಬಾ ನೆಂಟರು. ನನ್ನ ಹೊಸ ಲಂಗದ ಹುಕ್ಕು ಕಿತ್ತು ಬಂತು ಅಂತ ಅತ್ತೆಯ ಮಷೀನಿನ ಡ್ರಾಯರ್ ತೆಗೆದೆ. ಒಳಗೆ ಪ್ರಜಾವಾಣಿ ಹೊದಿಕೆಯ ಪುಸ್ತಕ, ಬೆನ್ನ ಮೇಲೆ ಒ-27.

ಒಳಗೆ ಏನಿದೆ ಅನ್ನೋದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅಂಗಡಿಯ ಒಂದೇ ಕಾನೂನು: ಪುಸ್ತಕ ತಗೊಂಡವರು ವಾಪಸ್ ಕೊಡಬೇಕು, ಬಾಡಿಗೆ ಕಟ್ಟಬೇಕು. ಭಾನುವಾರ ಗಲ್ಲಾ ಪಕ್ಕ ಕೂತು ಬಾಕಿ ಪಟ್ಟಿ ಓದೋಳು ನಾನೇ. ಅದೇ ಗತ್ತಿನಲ್ಲಿ ಪುಸ್ತಕ ಹಿಡ್ಕೊಂಡು ನಡುಮನೆಗೆ ಬಂದು, ಎಲ್ಲರ ಮುಂದೆ ಕೇಳಿದೆ: "ಅತ್ತೆ, ಒಳಗಿನ ಕಪಾಟಿಂದು ನಿನ್ನ ಹತ್ರ ಇದೆ! ಎಷ್ಟು ದಿನ ಆಯ್ತು?"

ದೂರದ ಸಂಬಂಧದ ಮಾವ ಒಬ್ಬರು ಕೈಯಿಂದ ಕಿತ್ಕೊಂಡು ಮಧ್ಯದ ಪುಟ ತೆಗೆದರು. ಎರಡು ಸಾಲು ಓದಿದರು, ಮನಸ್ಸಲ್ಲೇ. ಆಮೇಲೆ ನಕ್ಕರು. ಆ ನಗುವನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ. ಯಾರೋ ಒಬ್ಬರು, "ಪರವಾಗಿಲ್ಲ, ಇದಕ್ಕೇನೂ ಕಮ್ಮಿ ಇಲ್ಲ" ಅಂದ್ರು. ಅತ್ತೆ ಎದ್ದು ಅಡುಗೆಮನೆಗೆ ಹೋದಳು. ಹೋಳಿಗೆ ಬೇಯಿಸೋ ಒಲೆ ಮುಂದೆ ಬೆನ್ನು ತಿರುಗಿಸಿ ನಿಂತಿದ್ದು ನೆನಪಿದೆ.

ಅಪ್ಪ ಪುಸ್ತಕ ಇಸ್ಕೊಂಡು, "ಹೊಲಿಗೆ ಬಿಟ್ಟಿತ್ತು, ನಾನೇ ಕೊಟ್ಟಿದ್ದೆ ಹೊಲಿಯೋಕೆ" ಅಂದ್ರು. ಯಾರೂ ನಂಬಲಿಲ್ಲ. ನನಗೆ ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ.

ಆ ದಿನದ ನಂತರ ಅತ್ತೆಯ ಮಡಿಲಲ್ಲಿ ಪುಸ್ತಕ ನೋಡಲಿಲ್ಲ. ಸಾಯಿಸುತೆಯೂ ಇಲ್ಲ, ವಾರಪತ್ರಿಕೆಯೂ ಇಲ್ಲ. ಮಷೀನಿನ ಸದ್ದು ಮಾತ್ರ.

(4/6)

ಇಷ್ಟು ಅಪಾಯ ಇಟ್ಕೊಂಡು ಜನ ಯಾಕೆ ಓದ್ತಾರೆ ಅನ್ನೋ ಪ್ರಶ್ನೆ ಆ ಹಬ್ಬದಿಂದಲೇ ನನ್ನ ಬೆನ್ನು ಹತ್ತಿದ್ದು. ಕನ್ನಡ ಎಂಎ ಮಾಡಿದ್ದಕ್ಕೂ ಅದೇ ಕಾರಣ ಅಂತ ಹೇಳಿದ್ರೆ ಅತಿಶಯ ಆಗುತ್ತೆ, ಆದ್ರೆ ಕ್ಲಾಸಿನಲ್ಲಿ ಜನ್ನ ಬಂದಾಗ ನಾನು ಬೇರೆ ಥರ ಕೇಳಿಸಿಕೊಂಡೆ.

ಯಶೋಧರ ಚರಿತೆ, 1209. ರಾಣಿ ಅಮೃತಮತಿ ಅಷ್ಟಾವಂಕ ಅನ್ನೋ ಮಾವುತನಿಗೆ ಮನಸೋಲ್ತಾಳೆ. ಅವನು ಕುರೂಪಿ. ಅವಳು ಮೊದಲು ಅವನನ್ನ ನೋಡೋದೇ ಇಲ್ಲ. ರಾತ್ರಿ ಅರಮನೆಯಲ್ಲಿ ಮಲಗಿದ್ದಾಗ ಅವನ ಹಾಡು ಕೇಳಿಸುತ್ತೆ, ಅಷ್ಟೇ. ಪಕ್ಕದಲ್ಲಿ ರೂಪವಂತ ರಾಜ ಇದ್ದಾನೆ, ದೀಪ ಇದೆ, ನೋಡೋಕೆ ಎಲ್ಲವೂ ಇದೆ. ಅವಳನ್ನ ಎಬ್ಬಿಸಿದ್ದು ಕಣ್ಣಿಗೆ ಕಾಣದ ಒಂದು ದನಿ. ಜನ್ನನ ಉದ್ದೇಶ ಜೈನಧರ್ಮದ ನೀತಿ ಹೇಳೋದು, ಸರಿ. ಆದ್ರೆ ಎಂಟುನೂರು ವರ್ಷ ಆದ್ಮೇಲೂ ಕ್ಲಾಸಿನಲ್ಲಿ ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕೂತಿದ್ದು ಆ ರಾತ್ರಿಯ ಭಾಗಕ್ಕೆ. (ನಮ್ಮ ಒಳಗಿನ ಕಪಾಟಿನ ಪುಸ್ತಕದ ಗರಿಗರಿ ಪುಟಗಳು ನೆನಪಾದ್ವು.)

ಓದೋದೂ ಹಾಗೇ ಅಲ್ವಾ? ಕಾಗದದ ಮೇಲೆ ಏನೂ ಕಾಣಲ್ಲ. ಮುಖ ನಾವೇ ಹಾಕ್ಕೋಬೇಕು, ಕೋಣೆ ನಾವೇ ಕಟ್ಕೋಬೇಕು. ಎಲ್ಲಿ ನಿಲ್ಲಿಸಬೇಕು, ಯಾವ ಸಾಲನ್ನ ಎರಡು ಸಲ ಓದಬೇಕು ಅನ್ನೋದೂ ನಮ್ಮ ಕೈಯಲ್ಲೇ. ತಿಳಿಬಣ್ಣದ ಸೀರೆ ಬಿಟ್ಟು ಬೇರೆ ಆಯ್ಕೆಯೇ ಇಲ್ಲದ ಮನೆಯಲ್ಲಿ ಅಷ್ಟು ಆಯ್ಕೆ ಕೊಡ್ತಿದ್ದದ್ದು ಒ-27 ಮಾತ್ರ.

ಇದನ್ನ ಬರೆಯೋದು, ಅಚ್ಚು ಹಾಕೋದು ಹೆಂಗಸಾದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಡೆಯವರೇ ಒಬ್ಬರ ಕಥೆ ಇದೆ. ಬೆಂಗಳೂರು ನಾಗರತ್ನಮ್ಮ, ಹುಟ್ಟಿದ್ದು ನಂಜನಗೂಡಿನಲ್ಲಿ, 1878. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅಂತ ಸಂಗೀತದವರಿಗೆಲ್ಲಾ ಗೊತ್ತು. ಅವರು ಇನ್ನೊಂದು ಕೆಲಸ ಮಾಡಿದ್ರು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಅನ್ನೋಳು ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಅನ್ನೋ ಶೃಂಗಾರಕಾವ್ಯ ಬರೆದಿದ್ದಳು. ಅದರಲ್ಲಿ ಬಯಸೋಳು, ಮುನಿಸಿಕೊಳ್ಳೋಳು, ಕೇಳಿ ಪಡೆಯೋಳು ರಾಧೆ. ಹೆಂಗಸಿನ ಬಾಯಲ್ಲಿ ಇಂಥಾದ್ದು ಬರಬಾರದು ಅಂತ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ ಅದನ್ನ ಹಳಿದಿದ್ರು. ನಾಗರತ್ನಮ್ಮ ಸುಮ್ಮನಿರಲಿಲ್ಲ. ಇದಕ್ಕಿಂತ ಬಿಚ್ಚಾಗಿ ಬರೆದ ಗಂಡು ಕವಿಗಳನ್ನ ಹೊಗಳ್ತೀರಲ್ಲ, ನಾಚಿಕೆ ಹೆಂಗಸರಿಗೆ ಮಾತ್ರವಾ ಅನ್ನೋದು ಅವರ ವಾದ. ಮೂಲಪ್ರತಿ ಹುಡುಕಿ, 1910ರಲ್ಲಿ ಮದ್ರಾಸಿನಲ್ಲಿ ಪೂರ್ತಿ ಕಾವ್ಯವನ್ನ ಅಚ್ಚು ಹಾಕಿಸಿದ್ರು. ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಪ್ರತಿಗಳನ್ನ ಜಪ್ತಿ ಮಾಡಿ ನಿಷೇಧ ಹಾಕ್ತು. ನಿಷೇಧ ತೆಗೆದದ್ದು 1947ರಲ್ಲಿ, ಟಿ. ಪ್ರಕಾಶಂ.

ಮೂವತ್ತಕ್ಕೂ ಹೆಚ್ಚು ವರ್ಷ. ನನಗೆ ಇದನ್ನ ಮೊದಲು ಓದಿದಾಗ ನೆನಪಾದದ್ದು ನಡುಮನೆಯ ಆ ಮಾವನ ನಗು.

(5/6)

ಈಗಿನ ಮಾತಿಗೆ ಬರೋಣ. ಫೋನಲ್ಲಿ ಎಲ್ಲಾ ಪುಕ್ಕಟೆ ಸಿಗುವಾಗ ಇನ್ನು ಅಕ್ಷರ ಯಾರು ಓದ್ತಾರೆ ಅಂತ ನನ್ನ ಸಹೋದ್ಯೋಗಿಯೊಬ್ಬರು ವಾದ ಮಾಡಿದ್ರು. ಲೆಕ್ಕ ಬೇರೇನೇ ಹೇಳುತ್ತೆ. ಫಿಫ್ಟಿ ಶೇಡ್ಸ್ ಆಫ್ ಗ್ರೇ ಬಂದದ್ದು 2011ರಲ್ಲಿ, ಅಂದ್ರೆ ನೋಡೋಕೆ ಯಾವುದಕ್ಕೂ ಬರ ಇಲ್ಲದ ಕಾಲದಲ್ಲಿ. ಆ ಸರಣಿ ಮೂರೇ ವರ್ಷದಲ್ಲಿ ಹತ್ತು ಕೋಟಿ ಪ್ರತಿ ದಾಟ್ತು. ಓದಿದವರಲ್ಲಿ ಬಹುಪಾಲು ಹೆಂಗಸರು, ಎಷ್ಟೋ ಜನ ಇ-ಪುಸ್ತಕವಾಗಿ ಓದಿದ್ರು. ಇ-ಪುಸ್ತಕಕ್ಕೆ ಮುಖಪುಟ ಹೊರಗೆ ಕಾಣಲ್ಲ. ಪ್ರಜಾವಾಣಿ ಹೊದಿಕೆಯೇ ಅದು, ಬ್ಯಾಟರಿ ಹಾಕಿದ್ದು. (ನಾನೂ ಓದಿದೆ. ಬರವಣಿಗೆ ನಮ್ಮ ಒಳಗಿನ ಕಪಾಟಿಗಿಂತ ಉತ್ತಮ ಅಂತೇನೂ ಅನ್ನಿಸಲಿಲ್ಲ. ಆದ್ರೆ ಮುಗಿಸೋವರೆಗೂ ಮಲಗಲಿಲ್ಲ, ಅದೂ ನಿಜ.)

ಮೆಟ್ರೋದಲ್ಲಿ ದಿನಾ ನೋಡ್ತೀನಿ. ಪಕ್ಕದಲ್ಲಿ ಕೂತವರು ಫೋನನ್ನ ಸ್ವಲ್ಪ ತಮ್ಮ ಕಡೆ ವಾಲಿಸಿಕೊಂಡು, ಬೆಳಕು ಕಮ್ಮಿ ಮಾಡಿಕೊಂಡು ಸಣ್ಣ ಕನ್ನಡ ಅಕ್ಷರಗಳನ್ನ ಓದ್ತಿರ್ತಾರೆ. ಪ್ರತಿಲಿಪಿ ಇರಬಹುದು, ಇನ್ಯಾವುದೋ ಇರಬಹುದು. ಏನು ಓದ್ತಿದ್ದಾರೆ ಅಂತ ಇಣುಕಲ್ಲ. ಇಣುಕಿ ಆದ ಅನರ್ಥ ಒಂದು ಸಾಕು.

ನನ್ನ ವಿಷಯಕ್ಕೆ ಬಂದ್ರೆ ಕಾರಣ ಇನ್ನೂ ಒಂದಿದೆ, ಅದು ಭಾಷೆ. ಮದುವೆಯಾದ ಹೊಸತರಲ್ಲಿ ನನಗೆ ನೋವಿನ ತೊಂದರೆ ಇತ್ತು. ಡಾಕ್ಟರ ಮುಂದೆ ಕೂತು ಹೇಳೋಕೆ ಹೋದ್ರೆ ನನ್ನ ಹತ್ರ ಇದ್ದದ್ದು ಎರಡೇ ಪದ: "ಅಲ್ಲಿ" ಮತ್ತು "ಅದು". ಎಂಎ ಕನ್ನಡ, ಚಿನ್ನದ ಪದಕ! ಗಂಡನ ಹತ್ರ ಹೇಳೋಕೂ ಅಷ್ಟೇ. ಒಂದೋ 'ಸಂಭೋಗ' ಅನ್ನೋ ಥರದ ಸಂಸ್ಕೃತ, ಹೇಳಿದ್ರೆ ಪಾಠ ಓದಿದ ಹಾಗೆ. ಇಲ್ಲಾಂದ್ರೆ ಬಸ್ ಸ್ಟ್ಯಾಂಡಿನ ಬೈಗುಳ. ಮಧ್ಯದಲ್ಲಿ ಏನೂ ಇಲ್ಲ. ಹನ್ನೊಂದನೇ ಶತಮಾನದಲ್ಲೇ ಚಂದ್ರರಾಜ ಕನ್ನಡದಲ್ಲಿ 'ಮದನತಿಲಕ' ಅಂತ ಕಾಮಶಾಸ್ತ್ರವನ್ನೇ ಬರೆದ, ಬಳ್ಳಿಗಾವಿಯ ತ್ರಿಪುರಾಂತಕ ಗುಡಿಯಲ್ಲಿ ಅಂಗೈಯಗಲದ ಮಿಥುನಶಿಲ್ಪಗಳು ಸಾಲುಸಾಲು ಇವೆ. ನನ್ನ ಬಾಯಿಗೆ ಮಾತ್ರ ಒಂದು ಪದವೂ ಬಂದು ತಲುಪಿರಲಿಲ್ಲ.

ಮಧ್ಯದ ಆ ಕನ್ನಡ ನನಗೆ ಸಿಕ್ಕಿದ್ದು ಈ ಕಥೆಗಳಲ್ಲಿ. ಫೋನಲ್ಲಿ ಬರೆಯೋ ಹೆಣ್ಣುಮಕ್ಕಳ ಕಥೆಗಳಲ್ಲಿ, ಅದಕ್ಕೂ ಮುಂಚೆ ಗೋಣಿಚೀಲದ ಕೆಲವೇ ಕೆಲವು ಪುಸ್ತಕಗಳಲ್ಲಿ. "ನಿಧಾನ", "ಇವತ್ತು ಬೇಡ", "ಇನ್ನೊಂಚೂರು ಹೊತ್ತು ಹೀಗೇ ಇರು" ಅಂತ ಒಬ್ಬ ಹೆಂಗಸು ಮನೆಮಾತಿನ ಕನ್ನಡದಲ್ಲಿ ಹೇಳಬಹುದು, ಹೇಳಿದ್ರೆ ಆಕಾಶ ಬೀಳಲ್ಲ ಅಂತ ನಾನು ಕಲಿತದ್ದು ಅಲ್ಲೇ. ಕಸದ ಮಧ್ಯೆ ಸಿಕ್ಕಿತು ಅಂತ ಅದನ್ನ ಬಿಸಾಕೋಕೆ ಆಗುತ್ತಾ?

(6/6)

2022ರಲ್ಲಿ ಅಪ್ಪ ತೀರಿಕೊಂಡ್ರು. ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು ಈ ಲೆಕ್ಕದ ಪುಸ್ತಕಗಳು. ನಾನು ಮೊದಲು ಹುಡುಕಿದ್ದು 1993ರದ್ದು. ಗೌರಿ ಹಬ್ಬದ ಮಾರನೇ ದಿನ ಅಪ್ಪನ ಕೈಬರಹದಲ್ಲಿ "ಒ-27, ವಾಪಸ್" ಅಂತಿದೆ. ಅದರ ಹಿಂದೆ ವರ್ಷಗಟ್ಟಲೆ ಇದ್ದ ಅತ್ತೆಯ ಹೆಸರಿನ ಮೊದಲಕ್ಷರ ಅಲ್ಲಿಗೆ ನಿಂತುಹೋಗಿದೆ. ನಾನು ನಿಲ್ಲಿಸಿದ್ದು, ಅಂದ್ಕೊಂಡೆ. ಅಟ್ಟದಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ಸುಮ್ಮನೆ ಪುಟ ತಿರುಗಿಸಿದೆ. ಎರಡು ವಾರದ ನಂತರ, ಒಂದು ಶನಿವಾರ: "ಒ-31, ಮನೆ." ಮುಂದಿನ ಶನಿವಾರ: "ಒ-8, ಮನೆ." ಅದರ ಮುಂದಿನದ್ದೂ. ಬಾಡಿಗೆ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ. 1994, 1995, 1999. ಪುಸ್ತಕ ಬದಲಾದ ಹಾಗೆ ಲೆಕ್ಕದ ಪುಸ್ತಕಗಳೂ ಬದಲಾದ್ವು, "ಮನೆ" ಮಾತ್ರ ತಪ್ಪಲಿಲ್ಲ. ಕೊನೇದು 2006, ಅಂಗಡಿ ಮುಚ್ಚೋ ವಾರ.

ಕೆಳಗೆ ಅಮ್ಮ ಅವರೆಕಾಯಿ ಸುಲೀತಿದ್ದಳು. ಪುಟ ತೋರಿಸಿ, "ಇದು ಅತ್ತೆಗಾ?" ಅಂದೆ.

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಮಧ್ಯಾಹ್ನ ಅವಳು ಓದೋಳು. ರಾತ್ರಿ ನಾನು" ಅಂದಳು. ಮತ್ತೆ ಅವರೆಕಾಯಿ.

"ನನಗೆ ಒಂದು ದಿನವೂ ಕಾಣಿಸಲೇ ಇಲ್ವಲ್ಲಮ್ಮಾ!"

"ನಿನ್ನಿಂದಲೇ ಬಚ್ಚಿಡ್ತಿದ್ದಿದ್ದು ಕಣೇ. ಅಕ್ಕಿ ಡಬ್ಬದಲ್ಲಿ. ನೀನು ಅಡುಗೆಮನೆ ಕಡೆ ತಲೆ ಹಾಕ್ತಿರಲಿಲ್ಲ, ಅದಕ್ಕೇ ಅಲ್ಲಿ."

ಇಪ್ಪತ್ತೊಂಬತ್ತು ವರ್ಷ ಹೊತ್ತುಕೊಂಡಿದ್ದೆ ನಾನು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಪ್ಪ ಒಂದು ಮಾತು ಹೇಳಬಹುದಿತ್ತು. ಆದ್ರೆ ಗಿರಾಕಿ ಏನು ತಗೊಂಡ್ರು ಅಂತ ಇನ್ನೊಬ್ಬರಿಗೆ ಹೇಳೋದು ಅಪ್ಪನ ಜಾಯಮಾನದಲ್ಲೇ ಇರಲಿಲ್ಲ. ಮನೆಯವರ ವಿಷಯದಲ್ಲೂ.

ಈ ಕಂತನ್ನ ಹಾಕೋ ಮೊದಲು ಊರಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಎಪ್ಪತ್ತು ದಾಟಿದೆ, ಕಣ್ಣು ಮಂದ, ಮಷೀನು ಮಾರಿ ಎಷ್ಟೋ ವರ್ಷ ಆಯ್ತು. ಗೌರಿ ಹಬ್ಬದ ಭಾಗ ಓದುವಾಗ ನನ್ನ ಗಂಟಲು ಕಟ್ಟಿತು. ಅವಳು, "ಹೋಳಿಗೆ ಅಲ್ಲ ಕಣೇ ಅವತ್ತು, ಕಡುಬು" ಅಂದಳು. ಹೆಸರು ಹಾಕಬೇಡ, ಉಳಿದದ್ದು ಇರಲಿ ಅಂದಳು. ಹೋಳಿಗೆಯನ್ನ ಮಾತ್ರ ನಾನು ತಿದ್ದಿಲ್ಲ, ನನ್ನ ನೆನಪಲ್ಲಿ ಅದು ಹೋಳಿಗೆಯೇ.

ಆಮೇಲೆ ನನ್ನ ಫೋನು ಇಸ್ಕೊಂಡು ತಿರುಗಿಸಿ ನೋಡಿದಳು.

"ಇದರಲ್ಲಿ ಓದ್ತೀಯಲ್ಲ, ಆ ಕಥೆಗಳು. ಕೊನೇಲಿ ಅವಳು ರೈಲಿಗೆ ಬೀಳ್ತಾಳಾ?"

"ಇಲ್ಲ ಅತ್ತೆ. ಈಗ ಯಾರೂ ಬೀಳಲ್ಲ."

"ಹಂಗಾದ್ರೆ ನನಗೂ ಒಂದು ಹಾಕ್ಕೊಡು. ಅಕ್ಷರ ದಪ್ಪ ಮಾಡು."

(ಮುಂದಿನ ಕಂತು: ತೆಲುಗಿನಿಂದ ಯಂಡಮೂರಿ ಬಂದ ಮೇಲೆ ನಮ್ಮಂಗಡಿಯಲ್ಲಿ ಏನಾಯ್ತು.)

#ಬಾಡಿಗೆಪುಸ್ತಕ #ತಿಪಟೂರು #ಒಳಗಿನಕಪಾಟು